ಅಕ್ಕನ ಕೈಗುಣ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರಾದ ಮುಖ್ಯಸ್ಥರೂ ಹಾಗೇ ಕರೆಯುತ್ತಿದ್ದರು. ಅದು ಗೌರವವೋ ಬರೀ ಅಭ್ಯಾಸವೋ ಯಾರೂ ಯೋಚಿಸಿದವರಲ್ಲ. ಅಕ್ಕನಿಗೆ ಕೈಗುಣ ಇದೆ ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿಕೊಂಡಿದ್ದರು. ಕೈಗುಣ ಎನ್ನುವುದು ವೈದ್ಯರ ಬಗ್ಗೆ, ಅಡುಗೆಯವರ ಬಗ್ಗೆ ಹೇಳುವ ಮಾತು. ಅಳತೆ, ತೂಕ, ಯಂತ್ರ ಬಿಟ್ಟು ಬೇರೇನನ್ನೂ ನಂಬಬಾರದ ಜಾಗಕ್ಕೆ ಅದು ಹೇಗೆ ನುಸುಳಿತೋ ಗೊತ್ತಿಲ್ಲ. ವಿಜ್ಞಾನಿಗಳೂ ಮನುಷ್ಯರೇ ತಾನೆ, ಕಾರಣ ಸಿಗದ ಕಡೆ ಅವರೂ ಒಂದು ಹೆಸರಿಟ್ಟು ಸುಮ್ಮನಾಗುತ್ತಾರೆ.

ಕೆಲಸ ಹೇಳುವುದಕ್ಕೆ ಸುಲಭ. ಮೆಕ್ಕೆಜೋಳದಿಂದ ತೆಗೆದ ಪ್ರೋಟೀನಿನ ಹಳದಿ ಪುಡಿ ನೀರಿನಲ್ಲಿ ಕರಗುವುದಿಲ್ಲ, ಆಲ್ಕೊಹಾಲಿನಲ್ಲಿ ಕರಗುತ್ತದೆ. ಅದರ ಜೊತೆಗೆ ಔಷಧಿಯನ್ನೂ ಕರಗಿಸಿ, ಸಿರಿಂಜಿಗೆ ತುಂಬಿ, ಬೀಕರಿನಲ್ಲಿ ಗರಗರನೆ ತಿರುಗುತ್ತಿರುವ ನೀರಿಗೆ ಹನಿಹನಿಯಾಗಿ ಬಿಡಬೇಕು. ನೀರು ಕಂಡದ್ದೇ ಪ್ರೋಟೀನು ಗಾಬರಿಯಾಗಿ ಮುದುಡಿಕೊಳ್ಳುತ್ತದೆ, ಮುದುಡುವಾಗ ಔಷಧಿಯನ್ನೂ ಒಳಗೆ ಸುತ್ತಿಕೊಳ್ಳುತ್ತದೆ. ಹಾಗೆ ಹುಟ್ಟಿದ ಕಣಗಳನ್ನು ನೂರಾರು ಸಂಖ್ಯೆಯಲ್ಲಿ ಸಾಲಾಗಿ ನಿಲ್ಲಿಸಿದರೆ ಒಂದು ಕೂದಲೆಳೆಯ ದಪ್ಪ ಆದೀತು. ಕರುಳಿನ ಕಾಯಿಲೆಯವರಿಗಾಗಿ ಈ ಪಾಡು. ಅವರು ಈಗ ನುಂಗುವ ಮಾತ್ರೆ ಹೊಟ್ಟೆಯಲ್ಲೇ ಕರಗಿ, ಮೈಯೆಲ್ಲ ಸುತ್ತಾಡಿ, ಮುಖ ಊದಿಸಿ, ಮೂಳೆ ಸವೆಸಿ, ಅಳಿದುಳಿದದ್ದನ್ನು ಕರುಳಿಗೆ ಕೊಡುತ್ತದೆ. ಕಣದೊಳಗೆ ಕೂತ ಔಷಧಿ ಹೊಟ್ಟೆಯ ಹುಳಿಯನ್ನು ದಾಟಿ, ಬೇಕಾದ ಕಡೆಯೇ ಹೋಗಿ ಇಳಿಯಬೇಕೆಂಬುದು ಲೆಕ್ಕ. ಔಷಧಿಯನ್ನು ಬಿಟ್ಟರೆ ಇದರಲ್ಲಿರುವುದೆಲ್ಲ ಗಿಡದ್ದೇ, ಬೇರೆ ರಾಸಾಯನಿಕದ ಸೋಂಕೂ ಇಲ್ಲ ಎಂದು ಮುಖ್ಯಸ್ಥರು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದರು.

ಕಣ ಚೆನ್ನಾಗಿ ಬಂದರೆ ಬೀಕರಿನ ನೀರು ತೆಳ್ಳಗಿನ ಹಾಲಿನಂತಾಗಿ, ಅಂಚಿನಲ್ಲಿ ಸಣ್ಣದೊಂದು ನೀಲಿ ಛಾಯೆ ಮೂಡುತ್ತದೆ. ಕೆಟ್ಟರೆ ಹಾಲು ಒಡೆದ ಹಾಗೆ. ಹಳದಿ ಗಂಟುಗಳು ತೇಲಿ, ತಳದಲ್ಲಿ ತಿರುಗುವ ಮ್ಯಾಗ್ನೆಟ್ಟಿಗೆ ಮೆತ್ತಿಕೊಳ್ಳುತ್ತವೆ, ಅದನ್ನು ಕೆರೆಯುತ್ತ ಕೂರಬೇಕು. ಅಕ್ಕ ಮಾಡಿದರೆ ನೀಲಿ, ಉಳಿದವರು ಮಾಡಿದರೆ ಗಂಟು. ಅದೇ ಪುಡಿ, ಅದೇ ಸಿರಿಂಜು, ಅದೇ ಬರೆದಿಟ್ಟ ವಿಧಾನ. ಹೊರಗಿನವರು ಬಂದಾಗ ಮುಖ್ಯಸ್ಥರು ಅವರನ್ನು ಅಕ್ಕನ ಮೇಜಿನ ಹತ್ತಿರ ಕರೆತಂದು ನಿಲ್ಲಿಸುತ್ತಿದ್ದರು. ಅಕ್ಕ ಹನಿ ಬಿಡುತ್ತಿದ್ದಳು, ಬಂದವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಮೇಲಿನ ಹುದ್ದೆಗಳಿಗೆ ಹೋದರೂ ಅಕ್ಕ ಇದ್ದಲ್ಲೇ ಇದ್ದಳು. ಆದರೆ ಆ ಕೆಲವು ನಿಮಿಷ ಕೋಣೆಯೆಲ್ಲ ಅವಳದ್ದು. ಅವಳಿಗೆ ಅದು ಬಹಳ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

ಅಡುಗೆಯವರು ತಮ್ಮ ಬಾಣಲೆಯನ್ನು ಇನ್ನೊಬ್ಬರಿಗೆ ಕೊಡದ ಹಾಗೆ ಅಕ್ಕ ತನ್ನ ಬೀಕರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತೊಳೆಯುವ ರೀತಿಯೂ ಅವಳದ್ದೇ. ಎಲ್ಲರೂ ಸೋಪು ಹಾಕಿ ಉಜ್ಜಿ, ನಲ್ಲಿಯ ಕೆಳಗೆ ಹಿಡಿದು, ಆಮೇಲೆ ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸುತ್ತಿದ್ದರು. ಅಕ್ಕನಿಗೆ ನಲ್ಲಿ ನೀರೆಂದರೆ ಅಪನಂಬಿಕೆ, ಅದರ ಉಪ್ಪು ಗಾಜಿಗೆ ಹತ್ತಿ ಕಣ ಕೆಡಿಸುತ್ತದೆಂದು ಅವಳ ವಾದ. ಶುದ್ಧ ನೀರಿನ ಕೊಳವೆಯೋ ಸೂಜಿಯಷ್ಟು ಸಣ್ಣಗೆ ಸುರಿಯುವಂಥದ್ದು, ಅದರ ಮುಂದೆ ನಿಲ್ಲುವ ತಾಳ್ಮೆ ಅವಳಿಗಿರಲಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ ಬೀಕರನ್ನೂ ಮ್ಯಾಗ್ನೆಟ್ಟನ್ನೂ ಸೋಪಿನ ನೀರಲ್ಲಿ ನೆನೆಹಾಕಿ ಹೋಗುವುದು, ಮಾರನೆಯ ದಿನ ಆ ನೀರು ಚೆಲ್ಲಿ, ಸ್ವಲ್ಪ ಶುದ್ಧ ನೀರು ಹಾಕಿ ಒಮ್ಮೆ ಗಿರ್ರನೆ ತಿರುಗಿಸಿ ಸುರಿಯುವುದು, ಅಷ್ಟೇ. ವಿಧಾನದಲ್ಲಿ ಅವಳು ‘ಶುಚಿಯಾದ ಬೀಕರ್’ ಎಂದು ಬರೆದಿದ್ದಳು. ಶುಚಿ ಎಂದರೇನು ಎಂದು ಕೇಳುವುದಕ್ಕೆ ಯಾರಿಗೂ ತೋಚಿರಲಿಲ್ಲ.

ಈ ಮಧ್ಯೆ ಅವಳ ಅಣ್ಣನ ಮಗಳು ಅಲ್ಲಿಗೆ ಸಂಶೋಧನೆಗೆಂದು ಬಂದು ಸೇರಿದ್ದಳು. ಮನೆಯಲ್ಲಿ ಅವಳನ್ನು ಕರೆಯುವುದು ಪುಟ್ಟಿ ಎಂದು. ಎತ್ತರದಲ್ಲಿ ಅತ್ತೆಯನ್ನು ಮೀರಿಸಿದ್ದರೂ ಹೆಸರು ಹಾಗೇ ಉಳಿದಿತ್ತು. ಅಕ್ಕ ಮದುವೆಯಾಗಿರಲಿಲ್ಲ, ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು, ಪುಟ್ಟಿ ಅಲ್ಲೇ ಇಳಿದುಕೊಂಡಳು. ಹುಡುಗಿ ಬಲು ಅಚ್ಚುಕಟ್ಟು. ಅಂಥವಳು ಮಾಡಿದ ಕಣ ಮಾತ್ರ ಪ್ರತಿ ಸಲವೂ ಗಂಟು. ವೇಗ ಬದಲಾಯಿಸಿದಳು, ಸೂಜಿ ಬದಲಾಯಿಸಿದಳು, ಕೋಣೆಯ ಬಿಸಿ ತಂಪನ್ನೂ ಬದಲಾಯಿಸಿ ನೋಡಿದಳು. ಗಂಟು ಜಪ್ಪಯ್ಯ ಎನ್ನಲಿಲ್ಲ. ಅತ್ತೆಯ ಪಕ್ಕ ನಿಂತು ಅವರ ಮೊಣಕೈ ಎಲ್ಲಿರುತ್ತದೆ, ಹೆಬ್ಬೆರಳು ಹೇಗೆ ಒತ್ತುತ್ತದೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಅಕ್ಕನೂ ಮನಸ್ಸಿಟ್ಟೇ ಕಲಿಸುತ್ತಿದ್ದಳು. ನಿನ್ನ ಕೈ ಸ್ವಲ್ಪ ನಡುಗುತ್ತದೆ, ಅವಸರ ಮಾಡುತ್ತೀಯ, ಹದ ಬರಬೇಕು, ಬರುತ್ತದೆ ಬಿಡು ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಪ್ರೀತಿ ಇತ್ತು. ಒಂದು ಚಿಟಿಕೆ ಬೀಗುವಿಕೆಯೂ ಇತ್ತು.

ಹೀಗಿರುವಾಗ ಔಷಧಿ ತಯಾರಿಸುವ ಕಂಪನಿಯೊಂದು ಈ ಕಣದ ಬಗ್ಗೆ ಆಸಕ್ತಿ ತೋರಿಸಿತು. ಅವರದ್ದು ಒಂದೇ ಷರತ್ತು, ಒಬ್ಬರ ಕೈಯಲ್ಲಿ ಮಾತ್ರ ಬರುವಂಥದ್ದು ನಮಗೆ ಬೇಡ, ಇನ್ನೊಬ್ಬರೂ ಮಾಡಿ ತೋರಿಸಲಿ. ಇನ್ನೊಬ್ಬರು ಎಂದರೆ ಪುಟ್ಟಿ. ಮುಖ್ಯಸ್ಥರು ಕಟುಕರಲ್ಲ, ಆದರೆ ಮಾತನ್ನು ಸುತ್ತಿ ಬಳಸಿ ಹೇಳುವ ಪೈಕಿಯೂ ಅಲ್ಲ. ಈ ಅವಧಿ ಮುಗಿಯುವುದರೊಳಗೆ ಕಣ ಬರದಿದ್ದರೆ ನಿನ್ನ ಜಾಗಕ್ಕೆ ಬೇರೆಯವರನ್ನು ತಗೊಳ್ಳಬೇಕಾಗುತ್ತದೆ ಎಂದು ಅವಳಿಗೆ ಎದುರಿಗೇ ಹೇಳಿಬಿಟ್ಟರು. ಇಲ್ಲಿಂದ ಹೋದರೆ ಅವಳ ಡಿಗ್ರಿ ಅರ್ಧಕ್ಕೇ ನಿಲ್ಲುತ್ತಿತ್ತು. ಅಷ್ಟು ಓದಿದ್ದೆಲ್ಲ ನೀರಲ್ಲಿ ಹೋಮ.

ಮುಂದಿನ ಸೋಮವಾರ ಪುಟ್ಟಿ ಎಲ್ಲರಿಗಿಂತ ಮೊದಲೇ ಬಂದು ಮೇಜು ಒರೆಸುತ್ತಿದ್ದಳು. ಅತ್ತೆಯ ಬೀಕರು ಸೋಪಿನ ನೀರಲ್ಲಿ ಕೂತಿದ್ದು ಕಂಡಿತು. ಮುಟ್ಟಬಾರದೆಂದು ಗೊತ್ತಿತ್ತು. ಆದರೂ, ಎಷ್ಟೊಂದು ಹೇಳಿಕೊಡುತ್ತಾರೆ, ಇಷ್ಟಾದರೂ ಮಾಡಿಕೊಡೋಣ ಎನ್ನಿಸಿತು. ತನ್ನದನ್ನು ತೊಳೆಯುವ ಹಾಗೆಯೇ ಉಜ್ಜಿ, ಶುದ್ಧ ನೀರಿನ ಕೊಳವೆಯ ಮುಂದೆ ಬಹಳ ಹೊತ್ತು ನಿಂತು, ಬೆರಳಿಟ್ಟರೆ ಕಿರ್ ಎನ್ನುವವರೆಗೆ ತೊಳೆದಿಟ್ಟಳು. ಮ್ಯಾಗ್ನೆಟ್ಟನ್ನೂ ಬಿಡಲಿಲ್ಲ.

ಅಕ್ಕ ಬಂದು ಎಂದಿನಂತೆ ಹನಿ ಬಿಟ್ಟಳು. ಮೊದಮೊದಲು ಹಾಲಾಯಿತು, ನೋಡುತ್ತಿದ್ದಂತೆ ಒಡೆಯಿತು. ಹಳದಿ ಗಂಟೊಂದು ಮೇಲೆದ್ದು ಸುತ್ತತೊಡಗಿತು. ಪಕ್ಕದ ಮೇಜಿನವನು ತಿರುಗಿ ನೋಡಿ, ನೋಡಲೇ ಇಲ್ಲ ಎನ್ನುವಂತೆ ಮುಖ ತಿರುಗಿಸಿದ. ಪುಡಿಗೆ ತೇವ ತಗುಲಿರಬೇಕು ಎಂದು ಅಕ್ಕ ಯಾರೂ ಕೇಳದಿದ್ದರೂ ಹೇಳಿದಳು. ಹೊಸ ಪ್ಯಾಕೆಟ್ ಒಡೆದು, ಅದೇ ಬೀಕರಿನ ಗಂಟು ಚೆಲ್ಲಿ, ಶುದ್ಧ ನೀರಿನಲ್ಲಿ ತೊಳೆದು ಒರೆಸಿಕೊಳ್ಳಲು ಹೋದಳು. ಹೆಬ್ಬೆರಳಿನ ಕೆಳಗೆ ಗಾಜು ಕಿರ್ ಎಂದಿತು. ಅವಳ ಬೀಕರು ಯಾವತ್ತೂ ಸದ್ದು ಮಾಡಿದ್ದಿಲ್ಲ, ಯಾವಾಗಲೂ ಸ್ವಲ್ಪ ನುಣುಪಾಗಿ ಜಾರುತ್ತಿತ್ತು. ತೊಳೆದವರು ಯಾರೆಂದು ಕೇಳಿದಳು. ನಾನೇ ಅತ್ತೆ ಎಂದು ಪುಟ್ಟಿ ಸಂಕೋಚದಿಂದ ನಕ್ಕಳು. ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ.

ಹೊಸ ಪುಡಿಯೂ ಒಡೆಯಿತು.

ಎಲ್ಲರೂ ಊಟಕ್ಕೆ ಹೋದಾಗ ಅಕ್ಕ ಹಿಂದೆ ಉಳಿದಳು. ಪುಟ್ಟಿಯ ಬೀಕರನ್ನೇ ತೆಗೆದುಕೊಂಡಳು. ಪಾತ್ರೆ ತೊಳೆಯುವ ತೊಟ್ಟಿಯ ಸೋಪಿನ ನೀರಿಗೆ ಬೆರಳು ಅದ್ದಿ, ಬೆರಳ ತುದಿಯ ಒಂದು ತೊಟ್ಟನ್ನು ಅದರೊಳಗೆ ಬೀಳಿಸಿ, ಮೇಲೆ ಶುದ್ಧ ನೀರು ತುಂಬಿದಳು. ಹನಿ ಬಿಟ್ಟಳು. ಬೇಕೆಂದೇ ಅವಸರದಿಂದ, ಕೈ ನಡುಗಿಸುತ್ತ, ತಾನು ಪುಟ್ಟಿಗೆ ಏನೇನು ಬೇಡ ಎಂದಿದ್ದಳೋ ಅದನ್ನೆಲ್ಲ ಮಾಡುತ್ತ ಬಿಟ್ಟಳು. ನೀಲಿ ಬಂತು.

ಅಕ್ಕ ಸ್ಟೂಲಿನ ಮೇಲೆ ಕೂತಳು. ಅವಳೇನು ದಡ್ಡಿಯಲ್ಲ, ಸೋಪು ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಣದ ಸುತ್ತ ತೆಳ್ಳಗೆ ಹರಡಿ, ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಅಂದರೆ ಇಷ್ಟು ಕಾಲ ಕಣಗಳನ್ನು ಕಾದದ್ದು ಅವಳ ಹೆಬ್ಬೆರಳಲ್ಲ, ಸರಿಯಾಗಿ ತೊಳೆಯದ ಪಾತ್ರೆಯ ಜಿಡ್ಡು. ಉಳಿದವರೆಲ್ಲ ನಿಯಮ ಪಾಲಿಸಿ ಸೋತಿದ್ದರು, ಅವಳೊಬ್ಬಳು ಸೋಮಾರಿತನದಿಂದ ಗೆದ್ದಿದ್ದಳು. ಬೇರೆಯವರ ವಿಷಯವಾಗಿದ್ದರೆ ಅವಳು ಬಿದ್ದುಬಿದ್ದು ನಗುತ್ತಿದ್ದಳು. ಈಗ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಕೈಗುಣ ಹೋದರೆ ಅಲ್ಲಿ ಅವಳದ್ದೆಂದು ಏನು ಉಳಿಯುತ್ತದೆ? ಆ ಸೋಪೋ ದೇಹದೊಳಕ್ಕೆ ಹೋಗಬಾರದ ವಸ್ತು. ಮುಖ್ಯಸ್ಥರು ಊರೆಲ್ಲ ಸಾರಿಕೊಂಡು ಬಂದ ‘ಗಿಡದಿಂದ ಮಾತ್ರ’ ಎಂಬುದೂ ಮಣ್ಣುಪಾಲು.

ಒಂದು ಸಲ ಬಂದದ್ದು ಪುರಾವೆ ಅಲ್ಲ, ಇನ್ನಷ್ಟು ಮಾಡಿ ನೋಡದೆ ಬಾಯಿ ಬಿಡಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ಶಾಸ್ತ್ರಬದ್ಧವಾಗಿತ್ತು. ಆದರೆ ಒಳ್ಳೆಯ ಫಲಿತಾಂಶ ಬಂದಾಗ ಅವಳು ಯಾವತ್ತೂ ಇಷ್ಟೊಂದು ಪುರಾವೆ ಕೇಳಿದವಳಲ್ಲ. ಅದೂ ಅವಳಿಗೆ ಗೊತ್ತಿತ್ತು.

ಆವತ್ತು ಸಂಜೆ ಇಬ್ಬರೂ ಊಟಕ್ಕೆ ಕೂತಾಗ ಪುಟ್ಟಿ ತಟ್ಟೆ ನೋಡುತ್ತಲೇ, ನನ್ನಲ್ಲಿ ಏನು ತಪ್ಪಾಗ್ತಿದೆ ಅತ್ತೆ, ಮುಚ್ಚುಮರೆಯಿಲ್ಲದೆ ಹೇಳಿ ಎಂದು ಕೇಳಿದಳು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಕ್ಕ ಬಾಯಿ ತೆರೆದಳು, ಹಳೆಯ ಮಾತುಗಳೇ ಹೊರಗೆ ಬಂದವು, ಜೊತೆಗೆ ಹೊಸದೊಂದು ಸಮಾಧಾನವೂ. ಪುಟ್ಟಿ ತಲೆಯಾಡಿಸಿ ಎರಡೂ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು. ಅಕ್ಕ, ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆಯೂ ಆಯಿತು, ನಾಡಿದ್ದೂ ಆಯಿತು. ಅಕ್ಕ ಯಾರೂ ಇಲ್ಲದಾಗ ಮಾಡಿ ಮಾಡಿ ನೋಡಿದಳು. ಸೋಪು ಸೋಕಿದರೆ ನೀಲಿ, ಸೋಕದಿದ್ದರೆ ಗಂಟು. ಇನ್ನು ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಮೀನಮೇಷ ಎಣಿಸುತ್ತಿದ್ದಳು. ಎದುರುಗಡೆ ಪುಟ್ಟಿ ಹಲ್ಲು ಕಚ್ಚಿ ಮ್ಯಾಗ್ನೆಟ್ಟಿನಿಂದ ಗಂಟು ಕೆರೆಯುತ್ತಿದ್ದಳು. ನಡುಕ ನಿಲ್ಲಲೆಂದು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹನಿ ಬಿಡುವುದನ್ನೂ ಹುಡುಗಿ ಅಭ್ಯಾಸ ಮಾಡಿಕೊಂಡಿದ್ದಳು. ಅಕ್ಕನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಗುರುವಾರ ಪುಟ್ಟಿ ತಾನಾಗಿಯೇ ಮುಖ್ಯಸ್ಥರ ಕೋಣೆಗೆ ಹೋಗಿ, ಅವಧಿ ಮುಗಿಯುವುದನ್ನು ಕಾಯುವುದು ಬೇಡ, ನಾನೇ ಬಿಟ್ಟು ಹೋಗುತ್ತೇನೆ ಎಂದು ಹೇಳಿ ಬಂದಳು. ಕೆಟ್ಟ ಸುದ್ದಿ ತಾವೇ ಹೇಳುವುದು ತಪ್ಪಿತಲ್ಲ ಎಂದು ಮುಖ್ಯಸ್ಥರಿಗೆ ಒಳಗೊಳಗೇ ನಿರಾಳವಾಯಿತು. ಅಕ್ಕನಿಗೆ ಇದು ತಿಳಿದದ್ದು ಸಂಜೆ, ಅಣ್ಣ ಫೋನು ಮಾಡಿದಾಗ. ಅವನಿಗೆ ತಂಗಿಯ ಮೇಲೆ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಮಗಳು ತುಂಬ ಅತ್ತಳೆಂದೂ, ತನ್ನ ಕೈಗಳು ಯಾವ ಕೆಲಸಕ್ಕೂ ಬಾರದವು ಎನ್ನುತ್ತಾಳೆಂದೂ ಹೇಳಿದ. ನೀನೇನು ಬೇಜಾರು ಮಾಡ್ಕೋಬೇಡ, ನೀನು ನಿನ್ನ ಕೈಲಾದಷ್ಟು ಹೇಳಿಕೊಟ್ಟಿದ್ದೀಯ, ಎಲ್ಲರೂ ನಿನ್ನ ಹಾಗೆ ಇರೋಕಾಗಲ್ಲ ಅಂತ ನಾನೇ ಸಮಾಧಾನ ಮಾಡಿದ್ದೀನಿ ಎಂದ. ಅಕ್ಕ ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡಳು. ಫೋನು ಇಟ್ಟ ಮೇಲೆ ಪುಟ್ಟಿಯ ಕೋಣೆಯ ಬಾಗಿಲವರೆಗೆ ಹೋದಳು. ಒಳಗೆ ಪೆಟ್ಟಿಗೆ ಎಳೆಯುವ ಸದ್ದು ಕೇಳಿಸಿತು. ಬಾಗಿಲು ಬಡಿಯಲು ಧೈರ್ಯ ಸಾಲದೆ ಹಿಂದಿರುಗಿದಳು.

ಶುಕ್ರವಾರದ ಸಭೆಯಲ್ಲಿ ಎಲ್ಲರೂ ವಾರದ ಕೆಲಸ ಒಪ್ಪಿಸುವುದು ರೂಢಿ. ಅಕ್ಕನ ಸರದಿ ಬಂದಾಗ ಅವಳು ಎದ್ದು ನಿಂತಳು. ಸಾಮಾನ್ಯವಾಗಿ ಯಾರೂ ನಿಲ್ಲುವುದಿಲ್ಲ, ಹಾಗಾಗಿ ಎಲ್ಲರೂ ತಲೆಯೆತ್ತಿದರು.

“ಕೈಗುಣ ಅಂತ ಏನೂ ಇಲ್ಲ ಸರ್,” ಎಂದಳು. “ನಾನು ಬೀಕರನ್ನ ಸರಿಯಾಗಿ ತೊಳೀತಾ ಇರಲಿಲ್ಲ. ಸೋಪು ಉಳಿದುಕೊಳ್ತಿತ್ತು. ಕಣ ನಿಲ್ತಾ ಇದ್ದದ್ದು ಅದರಿಂದ. ಪುಟ್ಟಿ ತೊಳೆದು ಕೊಟ್ಟಾಗ ನನ್ನ ಕೈಯಲ್ಲೂ ಒಡೆದುಹೋಯ್ತು.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಸಿಡಿಮಿಡಿಗೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡರೆ ಅವರು ಕೇಳಿದ್ದು ಯಾವ ಸೋಪು, ಎಷ್ಟು ಉಳಿಯುತ್ತಿತ್ತು ಎಂದು. ಮನುಷ್ಯ ಮುಖ್ಯಸ್ಥನಾಗಿ ಕೊಳೆತುಹೋಗಿದ್ದರೂ ಒಳಗೆಲ್ಲೋ ವಿಜ್ಞಾನಿ ಉಳಿದಿದ್ದ. ಈ ಸೋಪು ನಡೆಯುವುದಿಲ್ಲ, ಆದರೆ ಇದೇ ಕೆಲಸ ಮಾಡುವ ನೊರೆಯ ವಸ್ತು ಗಿಡಗಳಲ್ಲೂ ಇದೆ, ತಿನ್ನುವುದಕ್ಕೆ ತೊಂದರೆಯಿಲ್ಲದ್ದು, ಅದನ್ನು ಅಳೆದು ಹಾಕಿದರೆ ಯಾರ ಕೈಯಲ್ಲಿ ಬೇಕಾದರೂ ಬಂದೀತು ಎಂದು ತಾವೇ ಲೆಕ್ಕ ಹಾಕತೊಡಗಿದರು. ಕಾರಣ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಅವರ ಮುಖ ಅರಳಿತ್ತು. ಪುಟ್ಟಿಯ ಕಡೆ ತಿರುಗಿ, ನೀನು ಯಾಕಮ್ಮ ಬಿಟ್ಟು ಹೋಗೋದು, ಯಾರು ಹೇಳಿದ್ದು ನಿನಗೆ, ಈ ಕೆಲಸ ನೀನೇ ಮಾಡು ಎಂದರು, ಹೇಳಿದ್ದು ತಾವೇ ಅಲ್ಲವೇನೋ ಎನ್ನುವ ಹಾಗೆ.

ಪುಟ್ಟಿ ಅವರ ಕಡೆ ನೋಡಲಿಲ್ಲ.

“ಇದು ಯಾವತ್ತು ಗೊತ್ತಾಯ್ತು ಅತ್ತೆ?” ಎಂದು ಕೇಳಿದಳು.

ನಿನ್ನೆ ಎಂದುಬಿಟ್ಟಿದ್ದರೆ ಎಲ್ಲವೂ ಸುಖಾಂತ್ಯವಾಗುತ್ತಿತ್ತು. ಪರೀಕ್ಷಿಸಿ ನೋಡುವವರು ಯಾರೂ ಇರಲಿಲ್ಲ. ಅಕ್ಕ ಹಾಗೆನ್ನಲಿಲ್ಲ.

“ಸೋಮವಾರ.”

“ಸೋಮವಾರ ಊಟಕ್ಕೆ ಕೂತಾಗ ನಾನು ಕೇಳಿದೆ. ನಿನ್ನ ಕೈ ನಡುಗುತ್ತೆ ಪುಟ್ಟಿ, ಕೆಲವರಿಗೆ ಇದು ಬರೋದೇ ಇಲ್ಲ, ಅದರಲ್ಲಿ ನಾಚಿಕೆ ಪಡೋಂಥದ್ದೇನಿಲ್ಲ ಅಂದ್ರಿ.” ಅವಳ ದನಿ ಏರಲಿಲ್ಲ. “ಆಗ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದಳು ಅಕ್ಕ. “ಹೆದರಿಕೆ ಆಯ್ತು ನನಗೆ. ಇದೊಂದು ಬಿಟ್ಟರೆ ನನ್ನ ಹತ್ತಿರ ಏನಿದೆ ಅನ್ನಿಸ್ತು.”

ಪುಟ್ಟಿ ಮುಖ್ಯಸ್ಥರ ಕಡೆ ತಿರುಗಿದಳು. ಇರುತ್ತೇನೆ ಸರ್ ಎಂದಳು. ಸಭೆ ಮುಂದಿನವರ ಕೆಲಸಕ್ಕೆ ಹೋಯಿತು.

ಮಧ್ಯಾಹ್ನ ಅವಳು ಸೋಪನ್ನು ತೂಕ ಮಾಡಿ, ಬೇರೆ ಬೇರೆ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಬೀಕರುಗಳನ್ನು ಸಾಲಾಗಿ ಇಟ್ಟುಕೊಂಡಳು. ಎಷ್ಟು ಸೋಪಿಗೆ ಕಣ ನಿಲ್ಲುತ್ತದೆಂದು ತಿಳಿದರೆ ತಾನೇ ಅದರ ಜಾಗಕ್ಕೆ ಗಿಡದ್ದನ್ನು ತರುವುದು. ಪಕ್ಕದ ಮೇಜಿನವರೆಲ್ಲ ಕೆಲಸ ಬಿಟ್ಟು ಬಂದು ನಿಂತರು, ಅಕ್ಕನೂ ಹಿಂದೆ ನಿಂತಳು. ಹುಡುಗಿ ಈ ಸಲ ಕೈಯನ್ನು ಕೈಯಲ್ಲಿ ಹಿಡಿದುಕೊಳ್ಳಲಿಲ್ಲ. ಮೊದಲೆರಡು ಒಡೆದವು, ಮೂರನೆಯದರಲ್ಲಿ ಗಂಟಿಲ್ಲದ ಹಾಲು. ಬೀಕರನ್ನು ಬೆಳಕಿಗೆ ಎತ್ತಿ ಹಿಡಿದಳು. ಅಂಚಿನಲ್ಲಿ ನೀಲಿ ಇತ್ತು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದರು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಸಿರಿಂಜು ಹಿಡಿದ ತನ್ನ ಬಲಗೈಯನ್ನು ಒಮ್ಮೆ ಮೇಲೆ ಕೆಳಗೆ ಮಾಡಿ ನೋಡಿಕೊಂಡಳು, ಕಳೆದುಹೋದ ವಸ್ತು ಸಿಕ್ಕಾಗ ಅದು ತನ್ನದೇ ಹೌದೇ ಎಂದು ನೋಡುವ ಹಾಗೆ.

ಜನ ಚದುರಿದರು. ಅಕ್ಕನಿಗೆ ಏನಾದರೂ ಮಾಡಬೇಕೆನ್ನಿಸಿತು. ಒಡೆದುಹೋದ ಮೊದಲ ಬೀಕರುಗಳನ್ನು ತೊಳೆದುಕೊಡೋಣವೆಂದು ಕೈ ಚಾಚಿದಳು.

“ಅದನ್ನ ಮುಟ್ಟಬೇಡಿ ಮೇಡಂ,” ಎಂದಳು ಪುಟ್ಟಿ, ತಿರುಗಿ ನೋಡದೆ. “ಅಳತೆ ಆಗಬೇಕು.”

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಅಲ್ಲಿ ಅವಳನ್ನು ಯಾರೂ ಮೇಡಂ ಎನ್ನುತ್ತಿರಲಿಲ್ಲ. ಸರಿ ಎಂದು ಹೇಳಿ ತನ್ನ ಮೇಜಿಗೆ ಹೋಗಿ ಕೂತಳು.